ಅಂಬುಬಾಯಿಯ ಕೋಳಿ ಹರಾಜಿಗೆ ಬಂದದ್ದು

ಖಜೂರಿಯ ಅಂಬುಬಾಯಿಗೆ ಚಿಂತೆ ಮಾಡಬೇಡ ಎಂದು ಬುದ್ಧಿ ಹೇಳಿದವರನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಆ ಸಾಲು ಆಳಂದದ ಬಸ್ ನಿಲ್ದಾಣ ಮುಟ್ಟೀತು. ಚರ್ಚಿನ ಸಭಾಪಾಲಕರು ಹೇಳಿದ್ದಾರೆ, ಶಾಲೆಯ ಹೆಡ್‌ಮಾಸ್ತರರು ಹೇಳಿದ್ದಾರೆ, ಜೇವರ್ಗಿಗೆ ಮದುವೆಯಾಗಿ ಹೋದ ಮಗಳು ಪಂಚಶೀಲಾ ದಿನಾ ಫೋನಿನಲ್ಲಿ ಹೇಳುತ್ತಾಳೆ. ಚಿಂತೆ ಬಿಡುವುದು ಹೇಗೆ ಎಂದು ಮಾತ್ರ ಒಬ್ಬರೂ ಹೇಳಿಕೊಟ್ಟಿಲ್ಲ.

"ಫಿಕರ ಏನ್ ನಾ ಹುಡುಕ್ಕೊಂಡು ಹೋಗ್ತೇನೇನ್ರಿ? ಅದೇ ನಮ್ಮ ಮನಿ ಹುಡುಕ್ಕೊಂಡು ಬರ್ತದ" ಎಂದು ಅಂಬುಬಾಯಿ ಸಿಡುಕುತ್ತಾಳೆ. ಆ ಮಾತೂ ಸುಳ್ಳಲ್ಲ.

ಆಕೆಯ ತವರು ಅಫಜಲಪುರ ತಾಲೂಕಿನಲ್ಲಿ, ಭೀಮಾ ನದಿಯ ದಂಡೆಯ ಮೇಲೆ. ಮಳೆಗಾಲ ಬಂತೆಂದರೆ ತಾಯಿ ಬಟ್ಟೆಬರೆ ಗಂಟು ಕಟ್ಟಿ ಬಾಗಿಲ ಬಳಿ ಇಡುತ್ತಿದ್ದಳು. ಹೊಳೆ ಮನೆಯೊಳಗೆ ಬಂದದ್ದು ಎರಡೇ ಸಲ, ಗಂಟು ಕಟ್ಟಿದ್ದು ಮಾತ್ರ ಪ್ರತಿ ವರ್ಷ. ಅಂಬುಬಾಯಿ ಖಜೂರಿಗೆ ಸೊಸೆಯಾಗಿ ಬಂದು ಮೂವತ್ತು ವರ್ಷವಾಯಿತು. ಇಲ್ಲಿ ಹೊಳೆಯೇ ಇಲ್ಲ. ಆದರೂ ಆಕೆಯ ಮನಸ್ಸಿನಲ್ಲಿ ಗಂಟು ಕಟ್ಟುವ ಕೆಲಸ ನಿಂತಿಲ್ಲ. ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾಳೆ. ಮನೆ ಮುಟ್ಟಿದ ಮೇಲೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮತ್ತೆ ಓಡುತ್ತಾಳೆ. ಬೇಸತ್ತ ಹೆಡ್‌ಮಾಸ್ತರರು ಅಡುಗೆಕೋಣೆಯ ಕೀಲಿಯನ್ನೇ ಆಕೆಯ ಕೈಗೆ ಕೊಟ್ಟುಬಿಟ್ಟರು. ಬಸ್ಸು ಹತ್ತಿದರೆ ಕಣ್ಣು ಮುಚ್ಚುವುದಿಲ್ಲ. ಡ್ರೈವರ್ ತೂಕಡಿಸಿದರೆ ನೋಡುವವರು ಯಾರು?

ಗಂಡ ದೇವೀಂದ್ರಪ್ಪ ಗೌಂಡಿ ಕೆಲಸದವನು. ಗೋಡೆ ಕಟ್ಟುತ್ತಾನೆ, ಮನೆಗೆ ಬಂದು ಉಣ್ಣುತ್ತಾನೆ, ಗೊರಕೆ ಹೊಡೆಯುತ್ತಾನೆ. ಭಾನುವಾರ ಚರ್ಚಿನಲ್ಲಿ ಹಾಡು ಎತ್ತಿಕೊಡುವವನು ಅವನೇ. ಅವನ ಸಮಾಧಾನವನ್ನು ಊರೆಲ್ಲ ಹೊಗಳುತ್ತದೆ. ಅಂಥವನ ಜೊತೆ ಸಂಸಾರ ಮಾಡಿದವಳ ಕಷ್ಟವನ್ನು ಮಾತ್ರ ಯಾರೂ ಕೇಳುವುದಿಲ್ಲ.

ದೀಪಾವಳಿಯ ಹೊತ್ತಿಗೆ ಅವನ ಧ್ವನಿ ಒಡೆಯಿತು. ಕಷಾಯ ಆಯಿತು, ಆಳಂದದ ಡಾಕ್ಟರರ ಗುಳಿಗೆ ಆಯಿತು. ಜನವರಿ ಮುಗಿದರೂ ಧ್ವನಿ ಬರಲಿಲ್ಲ. ಕೊನೆಗೆ ಸೊಲ್ಲಾಪುರದ ದವಾಖಾನೆಯಲ್ಲಿ ಗಂಟಲೊಳಗೆ ನಳಿಗೆ ಇಳಿಸಿ, ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ಹತ್ತು ದಿನ ಬಿಟ್ಟು ಬನ್ನಿ, ಅಲ್ಲಿಯವರೆಗೆ ಒಂದು ಮಾತೂ ಆಡಕೂಡದು ಎಂದರು.

ಹೀಗೆ ಮನೆಗೊಂದು ಪಾಟಿ ಬಂತು, ಒಂದು ಬಳಪ ಬಂತು. ಅಂಬುಬಾಯಿ ಇಪ್ಪತ್ತು ಪ್ರಶ್ನೆ ಕೇಳಿದರೆ ದೇವೀಂದ್ರಪ್ಪ ಪಾಟಿಯ ಮೇಲೆ ಒಂದೇ ಸಾಲು ಬರೆಯುತ್ತಿದ್ದ: ದೇವರಿದ್ದಾನ. ಆಕೆ ಅದನ್ನು ಸೆರಗಿನಿಂದ ಒರೆಸಿ ಮತ್ತೆ ಕೇಳಿದರೆ ಅವನು ಅದನ್ನೇ ಇನ್ನಷ್ಟು ದಪ್ಪಗೆ ಬರೆಯುತ್ತಿದ್ದ.

"ದೇವರಿದ್ದಾನಂತ ನನಗೂ ಗೊತ್ತದರಿ! ಗಂಟಲಾಗ ಏನದ, ಅದನ್ನ ಹೇಳ್ರಿ!"

ಆಕೆಗೆ ನಂಬಿಕೆಯಿಲ್ಲ ಎನ್ನುವ ಹಾಗಿಲ್ಲ. ಬೆಳಿಗ್ಗೆ ಒಲೆ ಹಚ್ಚುವ ಮುಂಚೆ ಮೊಣಕಾಲೂರಿ, "ಯೇಸಪ್ಪಾ, ಇವರ ಗಂಟಲಾ ನಿನ್ನ ಕೈಯಾಗ ಕೊಟ್ಟೇನಿ" ಎಂದು ಕಣ್ಣೀರು ಹಾಕಿ ಪ್ರಾರ್ಥಿಸುತ್ತಿದ್ದಳು. ಚಹಾ ಕುದಿಯುವಷ್ಟರಲ್ಲಿ ಆ ಗಂಟಲು ಮತ್ತೆ ಆಕೆಯ ತಲೆಯ ಮೇಲೇ ಕುಳಿತಿರುತ್ತಿತ್ತು.

ಆರನೆಯ ದಿನ ಭಾನುವಾರ, ಚರ್ಚಿನಲ್ಲಿ ಸುಗ್ಗಿ ಹಬ್ಬ. ಅಂದು ಸಭೆಯವರು ತಮ್ಮ ತಮ್ಮ ಬೆಳೆಯಲ್ಲಿ ಒಳ್ಳೆಯದನ್ನು ತಂದು ದೇವರ ಮುಂದೆ ಇಡುತ್ತಾರೆ: ತೊಗರಿ, ಜೋಳ, ಶೇಂಗಾ, ಕುಂಬಳಕಾಯಿ, ಕೋಳಿ. ಆರಾಧನೆ ಮುಗಿದ ಮೇಲೆ ಅದೆಲ್ಲ ಹರಾಜಾಗಿ, ಬಂದದ್ದು ಚರ್ಚಿಗೆ ಸೇರುತ್ತದೆ. ಅಂಬುಬಾಯಿ ಪ್ರತಿ ವರ್ಷ ಭಕ್ತಿಯಿಂದ ಕಾಣಿಕೆ ಕೊಡುತ್ತಾಳೆ, ಹರಾಜಿನಲ್ಲಿ ತಾನೇ ಕೂಗಿ ಅದನ್ನು ಮನೆಗೆ ಒಯ್ಯುತ್ತಾಳೆ. ಕಂಡವರ ಕೈಗೆ ಸಿಕ್ಕರೆ ಅದರ ಗತಿ ಏನಾಗುತ್ತದೋ ಎಂಬ ಚಿಂತೆ. ಮೂರು ವರ್ಷದಿಂದ ದೇವರಿಗೆ ಬರುತ್ತಿರುವುದು ಒಂದೇ ಕೆಂಪು ಕೋಳಿ. ಅದಕ್ಕೂ ದಾರಿ ರೂಢಿಯಾಗಿ ಬುಟ್ಟಿಯಲ್ಲಿ ಸುಮ್ಮನೆ ಕೂರುತ್ತಿತ್ತು. ಆಕೆ ಕೂಗಿದ ಬೆಲೆಯ ಮೇಲೆ ಬೇರೆ ಯಾರೂ ಕೂಗುತ್ತಿರಲಿಲ್ಲ.

ಈ ಸಲ ಗಂಡನ ಗಂಟಲಿನ ಹೆಸರಿನಲ್ಲೇ ಕೋಳಿಯನ್ನು ಒಪ್ಪಿಸಿದಳು. ಚರ್ಚಿನ ಸೆಕ್ರೆಟರಿ ಸತೀಶಕುಮಾರ ಹರಾಜು ಶುರುಮಾಡಿದ.

"ಅಂಬುಬಾಯಿ ಅವರ ಕಾಣಿಕಿ, ಕೆಂಪ ಕೋಳಿ! ಮುನ್ನೂರು!"

"ನಾಲ್ಕನೂರು" ಎಂದ ಅಂಬುಬಾಯಿ ಬುಟ್ಟಿ ತರಲು ಎದ್ದೇಬಿಟ್ಟಳು.

ಗಂಡಸರ ಸಾಲಿನಿಂದ ಒಂದು ಕೈ ಮೇಲೆದ್ದಿತು. ಐದು ಬೆರಳು. ನೋಡಿದರೆ ದೇವೀಂದ್ರಪ್ಪ!

"ರೀ, ಕೈ ಇಳಸ್ರಿ! ಅದು ನಮ್ಮ ಕೋಳಿ ರೀ!"

"ಕೊಟ್ಟ ಮ್ಯಾಲ ನಿಮ್ದು ಹೆಂಗಾಯ್ತ್ರೀ ಅಕ್ಕೋರ?" ಎಂದ ಸತೀಶಕುಮಾರ. ಸಭೆ ನಕ್ಕಿತು.

"ಆರನೂರು!" ಅಂಬುಬಾಯಿ ಚೀರಿದಳು. ಅತ್ತ ಏಳು ಬೆರಳು ಎದ್ದವು. ಒಂದೇ ಕಿಸೆಯ ಗಂಡ ಹೆಂಡತಿ ಒಂದು ಕೋಳಿಗಾಗಿ ದೇವರ ಮನೆಯಲ್ಲಿ ಜಿದ್ದಿಗೆ ಬಿದ್ದರು. ಹತ್ತೂ ಬೆರಳು ಮೇಲೆದ್ದಾಗ ಅಂಬುಬಾಯಿ ಮುಖ ಕೆಂಪಗೆ ಮಾಡಿಕೊಂಡು ಕುಳಿತಳು. ದೇವೀಂದ್ರಪ್ಪ ಕೋಳಿ ಎತ್ತಿಕೊಂಡು ಬಂದವನು ಹೆಂಡತಿಯನ್ನು ದಾಟಿ, ಹಿಂದೆ ಕುಳಿತಿದ್ದ ಮಲ್ಕಮ್ಮನ ಮಡಿಲಲ್ಲಿಟ್ಟ. ಮಲ್ಕಮ್ಮ ಇವರದೇ ಓಣಿಯ ಮುದುಕಿ, ಕೋಳಿಸಾರಿಗೆ ಊರಿಗೇ ಹೆಸರಾದವಳು.

ಮನೆಗೆ ಬಂದು ಅಂಬುಬಾಯಿ ಬಾಯಿ ನೋಯುವವರೆಗೆ ಬೈದಳು. ತಿರುಗಿ ಬೈಯಲಾಗದವನನ್ನು ಬೈಯುವುದರಲ್ಲಿ ಸುಖವೂ ಇಲ್ಲ. ಎಲ್ಲ ಕೇಳಿದ ಮೇಲೆ ದೇವೀಂದ್ರಪ್ಪ ಪಾಟಿಯ ತುಂಬ ಬರೆದು ಮುಂದೆ ಹಿಡಿದ: ನೀ ಕೊಡ್ತಿ. ಬಾಗಲಾ ದಾಟೂದ್ರಾಗ ವಾಪಸ್ ತಗೋತಿ. ನನ್ನ ಗಂಟಲಾನೂ ಹಂಗೇ ಮಾಡಾಕತ್ತಿ.

ಅಂಬುಬಾಯಿ ಅದನ್ನು ಒರೆಸಲಿಲ್ಲ. ಗಂಡ ಹೇಳಿದ್ದು ನಿಜವಾಗಿದ್ದಾಗ ಬರುವ ಸಿಟ್ಟಿಗೆ ಔಷಧವಿಲ್ಲ. ಸಂಜೆ ಮಲ್ಕಮ್ಮ ಒಂದು ಬಟ್ಟಲು ಸಾರು ಕಳಿಸಿದಳು. ಅಂಬುಬಾಯಿ ಮುಖ ಗಂಟಿಕ್ಕಿಕೊಂಡೇ ರೊಟ್ಟಿ ಮುರಿದು ಅದ್ದಿದಳು. ಸಾರು ರುಚಿಯಾಗಿತ್ತು, ಅದೂ ಆಕೆಗೆ ಸಿಟ್ಟೇ.

ಹತ್ತು ದಿನ ಮುಗಿದ ಮೇಲೆ ಇಬ್ಬರೂ ಸೊಲ್ಲಾಪುರಕ್ಕೆ ಹೋದರು. ಡಾಕ್ಟರರು ಮುಚ್ಚುಮರೆ ಮಾಡಲಿಲ್ಲ. ಕ್ಯಾನ್ಸರ್ ಇದೆ, ಆದರೆ ಶುರುವಿನಲ್ಲೇ ಸಿಕ್ಕಿದೆ. ಆರು ವಾರ ರೇಡಿಯೇಶನ್ನಿನ ಕರೆಂಟ್ ಕೊಡಬೇಕು. ಜೀವಕ್ಕೆ ಅಂಥ ಭಯವಿಲ್ಲ, ಧ್ವನಿ ಮೊದಲಿನಂತೆ ಆಗುತ್ತದೆ ಎಂದು ಮಾತ್ರ ಹೇಳಲಾರೆ ಎಂದರು.

ಹೊರಗಿನ ಬೆಂಚಿನ ಮೇಲೆ ಕುಳಿತರು. ದೇವರಿದ್ದಾನ ಎಂದು ಬರೆಯುತ್ತಾನೆಂದು ಅಂಬುಬಾಯಿ ಕಾದಳು. ಬರೆದರೆ ಪಾಟಿಯನ್ನೇ ಒಡೆದುಹಾಕುವವಳಿದ್ದಳು. ದೇವೀಂದ್ರಪ್ಪ ಚೀಲದಿಂದ ಪಾಟಿ, ಬಳಪ ತೆಗೆದ. ಆಮೇಲೆ ಸಣ್ಣ ಅಕ್ಷರದಲ್ಲಿ ಬರೆದ: ಅಂಬೂ, ನನಗ ಅಂಜಿಕಿ ಆಗಾಕತ್ತದ.

ಮೂವತ್ತು ವರ್ಷದಲ್ಲಿ ಆ ಮಾತನ್ನು ಅವನಿಂದ ಆಕೆ ಕೇಳಿದ್ದೇ ಇಲ್ಲ. ಅಂಜುವುದು ಆ ಮನೆಯಲ್ಲಿ ಆಕೆಯ ಕೆಲಸವಾಗಿತ್ತು. ಮನಸ್ಸು ಎಂದಿನಂತೆ ಗಂಟು ಕಟ್ಟತೊಡಗಿತು: ಆರು ವಾರ ಎಲ್ಲಿ ಇರುವುದು, ಹಾಡು ಯಾರು ಎತ್ತುವುದು, ಇವನು ಮಾತೇ ಆಡದಿದ್ದರೆ ತಾನು ಯಾರ ಜೊತೆ ಜಗಳಾಡುವುದು. ಆ ಗಂಟನ್ನು ತಾನೇ ಎತ್ತಿಕೊಳ್ಳಹೋದವಳಿಗೆ ಮಲ್ಕಮ್ಮನ ಮಡಿಲಲ್ಲಿ ಕುಳಿತ ಕೆಂಪು ಕೋಳಿ ನೆನಪಾಯಿತು.

ಅಂಬುಬಾಯಿ ಸೆರಗಿನಿಂದ ಪಾಟಿ ಒರೆಸಿ, ಗಂಡನ ಕೈ ಹಿಡಿದುಕೊಂಡಳು. ಮುಖ ಮೇಲೆ ಮಾಡಿ, ಅಕ್ಕಪಕ್ಕದ ಬೆಂಚಿನವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ಸಿಡುಕಿದಳು:

"ಯೇಸಪ್ಪಾ, ಕೇಳಿಸ್ತಿಲ್ಲೋ? ಇವರನ್ನ ನಿನಗ ಕೊಟ್ಟೇನಿ. ನೀನೇ ನೋಡ್ಕೋ. ಈ ಸಲ ಹರಾಜಿಗೆ ನಾ ಬರಂಗಿಲ್ಲ."

ದೇವೀಂದ್ರಪ್ಪನ ಭುಜ ಅಲುಗಿತು. ಸದ್ದಿಲ್ಲದೆ ನಗುತ್ತಿದ್ದ, ಕಣ್ಣಿನಲ್ಲಿ ನೀರೂ ಇತ್ತು. "ನಗಬ್ಯಾಡ್ರಿ, ಉಣ್ರಿ" ಎಂದು ಅಂಬುಬಾಯಿ ರೊಟ್ಟಿಯ ಗಂಟು ಬಿಚ್ಚಿದಳು.

ಮಧ್ಯಾಹ್ನದ ಬಸ್ಸಿಗೆ ಹೊರಟರು. ಡ್ರೈವರ್ ಎರಡು ಸಲ ಆಕಳಿಸಿದ್ದನ್ನು ದೇವೀಂದ್ರಪ್ಪ ನೋಡಿದ. ಅಂಬುಬಾಯಿ ನೋಡಲಿಲ್ಲ. ಗಂಡನ ಭುಜಕ್ಕೆ ತಲೆಯಿಟ್ಟು, ಬಾಯಿ ತೆರೆದುಕೊಂಡು, ಆಳಂದ ಬರುವವರೆಗೂ ನಿದ್ದೆ ಮಾಡಿದಳು.