ದೊಡ್ಡಪ್ಪನ ಹೆಬ್ಬೆರಳು, ಪಿಸ್ತೂಲಿನ ಲಿವರ್

ಗುಂಡ್ಲುಪೇಟೆಯಲ್ಲಿ ಹೂವಿನ ವ್ಯಾಪಾರ ಮಾಡುವ ನಮ್ಮ ದೊಡ್ಡಪ್ಪ ಲೈಸೆನ್ಸ್ ಪಡೆದು ಪಿಸ್ತೂಲು ತಂದಾಗ, ಪೊಲೀಸರಿಗೆ ಬಂದೂಕಿನ ತರಬೇತಿ ಕೊಡುತ್ತಿದ್ದ ನಾನೇ ಕಲಿಸಬೇಕಾಯಿತು. ಚಾಮರಾಜನಗರದ ಫೈರಿಂಗ್ ಮೈದಾನದಲ್ಲಿ ಬಾಯಿ ನೋಯುವಷ್ಟು ಹೇಳಿದೆ. ಮೊದಲ ಗುಂಡಿಗೆ ಟ್ರಿಗರ್ ಬಿಗಿ. ಎಳೆದರೆ ಪಿಸ್ತೂಲಿನ ಹಿಂಬದಿಯ ಪುಟ್ಟ ಸುತ್ತಿಗೆ, ಅಂದರೆ ಹ್ಯಾಮರ್, ತಾನೇ ಹಿಂದಕ್ಕೆ ಹೋಗಿ ಬಂದು ಹೊಡೆಯುತ್ತದೆ. ಆಮೇಲೆ ಹ್ಯಾಮರ್ ಹಿಂದೆಯೇ ನಿಂತಿರುವುದರಿಂದ ಟ್ರಿಗರ್ ಬಲು ಹಗುರ. ಹಾಗೆ ನಿಂತ ಹ್ಯಾಮರನ್ನು ಗುಂಡು ಹಾರದಂತೆ ಇಳಿಸಲೆಂದೇ ಪಕ್ಕದಲ್ಲೊಂದು ಲಿವರ್ ಇದೆ.

ದೊಡ್ಡಪ್ಪ ಮಾತ್ರ ಹ್ಯಾಮರನ್ನು ಹೆಬ್ಬೆರಳಲ್ಲಿ ಹಿಡಿದುಕೊಂಡು, ಟ್ರಿಗರ್ ಎಳೆದೇ ಇಳಿಸುತ್ತಿದ್ದರು.

"ಲಿವರ್ ಒತ್ತಿ ದೊಡ್ಡಪ್ಪ!" ಎಂದು ನಾನು ಕಿರುಚಿದರೆ, "ಸುಮ್ಕಿರು, ಲಿವರ್‌ಗಿಂತ ನನ್ ಬೆಳ್ಳೇ ಗಟ್ಟಿ ಕಣಮ್ಮಿ" ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಬೆವರಿದ ಆ ಬೆರಳು ಜಾರಿತು. ಢಂ ಎಂದು ಹಾರಿದ ಗುಂಡು ಎದುರಿನ ಮಣ್ಣಿನ ದಿಬ್ಬ ಹೊಕ್ಕಿತು. ನಾನು ಪಿಸ್ತೂಲು ಕಿತ್ತುಕೊಂಡು, ಗುಂಡುಗಳನ್ನೆಲ್ಲ ತೆಗೆದು, ಮಧ್ಯಾಹ್ನದವರೆಗೂ ಅವರಿಂದ ಬರೀ ಲಿವರ್ ಒತ್ತಿಸಿದೆ. ಹೆದರಿದ್ದರೋ ಏನೋ, ಹೇಳಿದಷ್ಟು ಸಲವೂ ಒತ್ತಿದರು.

ಹೊರಡುವಾಗ ಮಾತ್ರ ಮುಖ ಊದಿಸಿಕೊಂಡು, "ಇಷ್ಟು ಸಲೀಸು ಅಂತ ಮೊದ್ಲೇ ಯೋಳ್ಬಾರ್ದಾ ಅಮ್ಮಿ?" ಎಂದರು.

ನಾನು ಹಲ್ಲು ಕಚ್ಚಿಕೊಂಡು ಸ್ಕೂಟರ್ ಹತ್ತಿದೆ.