ಮೂರು ಬೆರಳು ಸರಿಸಿದ ಕನ್ನಡಿ

ಗಿರಿಜಕ್ಕ, ನಿಮ್ಮ ಅಪ್ಪಾಜಿಗೆ ಕೊಟ್ಟ ಮಾತು ಮುರಿದವನು ನಾನು. ಮುರಿದದ್ದನ್ನು ಮುಚ್ಚಿಟ್ಟು, ಅವರು ತಮ್ಮ ಕಣ್ಣನ್ನೇ ನಂಬದಂತೆ ಮಾಡಿದವನೂ ನಾನೇ.

ಕೆರೆಬಿಳಚಿಯ ನಿಮ್ಮ ಮನೆಯ ತಾರಸಿಯಲ್ಲಿದ್ದ ದೂರದರ್ಶಕ — ಅದರ ಕನ್ನಡಿ, ವಿಜ್ಞಾನದ ಮೇಷ್ಟರಾಗಿ ನಿವೃತ್ತರಾದ ಮೇಲೆ ಅವರು ಕೈಯಾರೆ ಉಜ್ಜಿ ಉಜ್ಜಿ ಮಾಡಿದ್ದು. ಚನ್ನಗಿರಿಯಲ್ಲಿ ಫೋಟೊ ಸ್ಟುಡಿಯೊ ಇಟ್ಟುಕೊಂಡಿದ್ದ ನನಗೆ, ಆಕಾಶದ ಅಗಲವಾದ ಹರವನ್ನು ಕಡಿಮೆ ಹೊತ್ತಿನಲ್ಲಿ ಒಂದೇ ಚಿತ್ರದಲ್ಲಿ ಹಿಡಿಯುವ ಹುಚ್ಚು. ಕೇಳಿದೆ. ಅವರು ಇಲ್ಲವೆನ್ನಲಿಲ್ಲ.

"ತಗಂಡೋಗು ಸುರೇಶ. ಕ್ಯಾಮೆರಾ ಹೆಂಗಾದ್ರೂ ಕೂರಿಸ್ಕ. ಕನ್ನಡಿ ಕುಂತಿರೋ ಜಾಗ ಮಾತ್ರ ಅಲುಗಿಸಬ್ಯಾಡ."

"ಇಲ್ಲ ಸಾರ್," ಎಂದೆ.

ಆದರೆ ಚಿತ್ರ ಅಗಲವಾಗಲೆಂದು ಇನ್ನೊಂದು ಮಸೂರ ಸೇರಿಸಿದ ಮೇಲೆ, ಬೆಳಕು ಕ್ಯಾಮೆರಾ ಮುಟ್ಟುವ ಮೊದಲೇ ಒಂದೆಡೆ ಕೂಡಿ, ಬಿಂಬ ಮಸುಕಾಗುತ್ತಿತ್ತು. ಕೊಳವೆಗೆ ಹೊಸ ತೂತು ಕೊರೆದೆ. ಕನ್ನಡಿಯನ್ನು ಮೂರು ಬೆರಳಷ್ಟು ಮೇಲಕ್ಕೆ ಸರಿಸಿದೆ. ಹಳೆಯ ತೂತುಗಳಿಗೆ ಮೇಣ ತುಂಬಿ ಬಣ್ಣ ಬಳಿದೆ. ಸೊಕ್ಕೆ ಊರಿನ ಹೊಲದಲ್ಲಿ ತೆಗೆದ ಆ ಆಕಾಶದ ಚಿತ್ರವನ್ನು ಎಲ್ಲರೂ ಹೊಗಳಿದರು — ನಿಮ್ಮ ಅಪ್ಪಾಜಿಯೂ.

ದೂರದರ್ಶಕ ಹಿಂದಿರುಗಿಸುವಾಗ ಕನ್ನಡಿಯನ್ನು ಮೊದಲಿನ ಜಾಗಕ್ಕೆ ತರಲಿಲ್ಲ. ಮತ್ತೊಮ್ಮೆ ಒಯ್ಯುವ ಆಸೆ. ಹಾಗೇ ಬಿಟ್ಟರೆ, ಕಣ್ಣಿಟ್ಟು ನೋಡುವವರಿಗೆ ಎಲ್ಲ ಮಸುಕು; ಸರಿಯಾಗಲು ಕಣ್ಣಿಡುವ ಕಡೆ ಚಿಕ್ಕದೊಂದು ಕೊಳವೆ ಹೆಚ್ಚಿಗೆ ಬೇಕು. ಹೊನ್ನಾಳಿಯ ಲೇತ್ ಅಂಗಡಿಯಲ್ಲಿ ಮಾಡಿಸಿಯೂ ಇದ್ದೆ. ಅದು ನನ್ನ ಚೀಲದಲ್ಲೇ ಇತ್ತು. ಕೊಟ್ಟರೆ ಯಾಕೆಂದು ಕೇಳುತ್ತಾರಲ್ಲ...

ಮುಸ್ಸಂಜೆ. ಅವರು ಶನಿಯತ್ತ ತಿರುಗಿಸಿದರು. ತಿರುಪು ಆಕಡೆ, ಈಕಡೆ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಉಂಗುರಾನೇ ಕಾಣ್ತಿಲ್ಲಲ್ಲೋ. ಎಲ್ಲಾ ಮಬ್ಬು... ನಿನಗೆ ಹೆಂಗೆ ಕಾಣ್ತೈತೆ?"

ಕಣ್ಣಿಟ್ಟೆ. ಬಿಳಿಯ ಮಸುಕು ಉಂಡೆ.

"ಚೆನ್ನಾಗಿ ಕಾಣ್ತೈತೆ ಸಾರ್."

ಅವರು "ಹಂಗಾದ್ರೆ ನನ್ನ ಕಣ್ಣು ಮುಗೀತು ಬಿಡು" ಎಂದು ಮುಚ್ಚಳ ಹಾಕಿದರು.

ಕಣ್ಣಿಗೆ ಏನೂ ಆಗಿಲ್ಲವೆಂದು ಡಾಕ್ಟರು ಹೇಳಿದ್ದನ್ನು ನೀವೇ ನನಗೆ ತಿಳಿಸಿದಿರಿ. ಅದರಿಂದ ಅವರಿಗೆ ಸಮಾಧಾನವಾಗಲಿಲ್ಲ — ಕಣ್ಣು ಸರಿಯಿದ್ದರೆ ಕೆಟ್ಟಿರುವುದು ತಲೆಯೇ ಎಂದುಕೊಂಡರಂತೆ. ಸ್ಕೂಟರ್ ಬಿಟ್ಟರು. ಓಣಿಯ ಮಕ್ಕಳಿಗೆ ಲೆಕ್ಕ ಹೇಳಿಕೊಡುವುದನ್ನೂ ಬಿಟ್ಟರು. ಆಮೇಲೆ ಮೂರು ವರ್ಷ ಬದುಕಿದ್ದರು, ಗಿರಿಜಕ್ಕ. ಒಂದೇ ಒಂದು ಮಾತಿಗೆ ಮೂರು ವರ್ಷ ಸಮಯವಿತ್ತು. ಬಂದಾಗಲೆಲ್ಲ ಚಹಾ ಕುಡಿದು ಎದ್ದು ಹೋದೆ.

ಈಗಲೂ ಮದುವೆ ಮಂಟಪದಲ್ಲಿ ಕ್ಯಾಮೆರಾ ಎತ್ತಿದರೆ, ಮುಖಗಳು ಸ್ಪಷ್ಟವಾಗುವ ಮೊದಲು ಒಂದು ಗಳಿಗೆ ಎಲ್ಲ ಮಸುಕು — ಆ ಗಳಿಗೆಯಲ್ಲಿ "ನಿನಗೆ ಹೆಂಗೆ ಕಾಣ್ತೈತೆ?" ಎಂದು ಅವರು ಕೇಳುತ್ತಾರೆ. ನಾನು ಮತ್ತೆ ಅದೇ ಸುಳ್ಳು...

ಮೊನ್ನೆ ಅವರ ಪುಣ್ಯಸ್ಮರಣೆಯಲ್ಲಿ ನೀವು ನೆಂಟರಿಗೆ, "ಅಪ್ಪಾಜಿಗೆ ಕೊನೆಕೊನೆಗೆ ಬುದ್ಧಿ ಮಂಕಾಗಿತ್ತು ಕಣ್ರೀ" ಎಂದಿರಿ. ಅದೇ ಪಂಕ್ತಿಯಲ್ಲಿ ಕುಳಿತು ನಾನು ಉಣ್ಣುತ್ತಿದ್ದೆ. ಉಂಡು ಮುಗಿಸಿದೆ.

ಭಾನುವಾರ ಬರುತ್ತೇನೆ. ಆ ನೆಂಟರನ್ನೂ ಕರೆಸಿರಿ. ಅವರೆಲ್ಲರ ಎದುರಿಗೇ ಹೇಳುತ್ತೇನೆ.