ಹೊಸತೊಡಕಿನ ದಿನ ಒಂದು ಖಾಲಿ ಡಬ್ಬಿ

ಇದನ್ನು ಬರೆಯಬೇಕೆಂದು ಕೂತು ಎಷ್ಟೋ ಸಲ ಎದ್ದು ಹೋಗಿದ್ದೇನೆ. ಕೂತಾಗಲೆಲ್ಲ ಮೊದಲು ಕಾಣುವುದು ಟೀಚರಮ್ಮನ ಹಣೆಯ ವಿಭೂತಿ. ಬೆವರಿಗೆ ಕರಗಿ ಹುಬ್ಬಿನ ಮೇಲೆ ಇಳಿದಿದ್ದ ವಿಭೂತಿ.

ಸಂಜಯನಗರದಲ್ಲಿ ನಮ್ಮ ಎದುರುಮನೆಯವರು. ಧಾರವಾಡದ ಕಡೆಯವರು, ನಿವೃತ್ತ ಟೀಚರು. ಬೀದಿಯ ಮಕ್ಕಳನ್ನೆಲ್ಲ ಮೆಟ್ಟಿಲ ಮೇಲೆ ಕೂರಿಸಿ ಲೆಕ್ಕ ಹೇಳಿಕೊಡುತ್ತಿದ್ದರು. ತಪ್ಪು ಮಾಡಿದರೆ ಬೈಯುತ್ತಿರಲಿಲ್ಲ, "ಇನ್ನೊಮ್ಮೆ ನೋಡು" ಅನ್ನುತ್ತಿದ್ದರು. ಎಸ್ಸೆಸ್ಸೆಲ್ಸಿಯಲ್ಲಿ ಫೇಲಾಗಿ ಮೂಲೆ ಹಿಡಿದಿದ್ದ ನನ್ನ ಮಗಳನ್ನು ದಡ ಮುಟ್ಟಿಸಿದ್ದು ಅವರೇ. ಮೊಟ್ಟೆಯ ವಾಸನೆಗೂ ಸೆರಗನ್ನು ಮೂಗಿಗೆ ಹಿಡಿಯುವವರು.

ಆ ವರ್ಷ, ಯುಗಾದಿ ಮರುದಿನದ ಹೊಸತೊಡಕಿನ ಬಾಡೂಟಕ್ಕೆ ಮುಸ್ಲಿಮರ ಅಂಗಡಿಯಲ್ಲಿ ಮಾಂಸ ಕೊಳ್ಳಬೇಡಿ ಎಂದು ಕೂಗಲು ಕೆಲವರು ಹೊರಟರು. ಕೆಲಸ ಬಿಟ್ಟ ಮೇಲೆ ನನ್ನನ್ನು ಯಾರೂ ಯಾವುದಕ್ಕೂ ಕರೆಯುತ್ತಿರಲಿಲ್ಲ. ಅವರು ಕರೆದರು, ಶಾಲು ಹೊದಿಸಿದರು. ಹೋದೆ. ಪ್ರತಿ ಹಬ್ಬಕ್ಕೂ ನನಗೆಂದೇ ತೊಡೆ ಮಾಂಸ ಎತ್ತಿಡುತ್ತಿದ್ದವನ ಅಂಗಡಿ ಮುಂದೆಯೇ ಕೂಗಿದೆ. ಕೊಳ್ಳಲು ನಿಂತವರ ಸಾಲು ಚದುರಿತು. ಆ ಖಾಲಿ ಜಾಗಕ್ಕೆ ಟೀಚರಮ್ಮ ಸ್ಟೀಲ್ ಡಬ್ಬಿ ಹಿಡಿದು ಬಂದು ನಿಂತರು.

"ನಿಮಗ್ಯಾಕೆ ಟೀಚರೇ ಇದೆಲ್ಲ? ನೀವೊಬ್ರು ನಿಂತ್ರೆ ಏನಾಗುತ್ತೆ?" ಅಂದೆ.

"ಏನೂ ಆಗಂಗಿಲ್ಲ ತಮ್ಮಾ. ಆದ್ರ ಅವ ತಲಿ ಎತ್ತಿ ನೋಡಿದಾಗ ನೀವಷ್ಟ ಕಾಣಬಾರ್ದಲ್ಲಾ."

ಜೊತೆಯವರು ನನ್ನ ಮುಖವನ್ನೇ ನೋಡುತ್ತಿದ್ದರು. "ವಿಭೂತಿ ಅಳಿಸ್ಕೊಂಡು ಬನ್ನಿ ಟೀಚರೇ! ಲಿವರ್ ಬೇಕಾ, ಬೋಟಿನಾ?" ಎಂದು ಕೂಗಿಬಿಟ್ಟೆ. ಎಲ್ಲರೂ ನಕ್ಕರು. ಒಬ್ಬ ಮೊಬೈಲಿನಲ್ಲಿ ಹಿಡಿದ. ಅವರು ಬಿಸಿಲಲ್ಲಿ ಮಧ್ಯಾಹ್ನದ ತನಕ ನಿಂತಿದ್ದು, ಖಾಲಿ ಡಬ್ಬಿಯೊಂದಿಗೆ ಮನೆಗೆ ಹೋದರು. ಮಾಂಸ ಹಾಗೇ ತೂಗಾಡುತ್ತಿತ್ತು.

ಆ ವಿಡಿಯೊ ಎಲ್ಲ ಕಡೆ ಓಡಾಡಿತು. ವಚನ ಹಾಡುವ ಹೆಂಗಸರು ಅವರನ್ನು ಕರೆಯುವುದು ಬಿಟ್ಟರು. ಮೆಟ್ಟಿಲ ಮೇಲೆ ಮಕ್ಕಳೂ ಕಡಿಮೆಯಾದರು. ಆದರೂ ಗೇಟಿನ ಹತ್ತಿರ ಸಿಕ್ಕರೆ, "ಮಗಳು ಹೆಂಗದಾಳ ತಮ್ಮಾ?" ಎಂದೇ ಕೇಳುತ್ತಿದ್ದರು. ನಾನು ಫೋನ್ ಬಂದವನಂತೆ ನಟಿಸಿ ನಡೆದುಬಿಡುತ್ತಿದ್ದೆ. ದೀಪಾವಳಿಯ ಹೊತ್ತಿಗೆ ಅವರು ತೀರಿಕೊಂಡರು.

ಮುಂದಿನ ಹೊಸತೊಡಕಿಗೆ ಅದೇ ಅಂಗಡಿಯ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ, "ತಪ್ಪಾಯ್ತು ಭಾಯ್" ಅಂದೆ. ಅವನು ಕತ್ತಿ ಕೆಳಗಿಟ್ಟ.

"ಅಂಗಡಿ ಖಾಲಿ ಮಾಡ್ಬಿಡೋಣ ಅಂತಿದ್ದೆ ಸಾರ್. ಅಮ್ಮ ನಿಂತಿದ್ದು ನೋಡಿ ಉಳ್ಕೊಂಡೆ. ನಂಗೆ ಹೇಳಿದ್ರಿ, ಸರಿ. ಅವರಿಗೆ ಹೇಳಿದ್ರಾ?"

ಹೇಳಿರಲಿಲ್ಲ. ರಸ್ತೆ ದಾಟಿದ್ದರೆ ಸಾಕಿತ್ತು. ಮೆಟ್ಟಿಲ ಮೇಲೆಯೇ ಕೂತಿರುತ್ತಿದ್ದರು, ನನ್ನ ಮಗಳ ಟೀಚರಮ್ಮ.